ಉತ್ತರ: ಮಗಳ ಹುಟ್ಟುಹಬ್ಬದ ಅಡುಗೆ ಮತ್ತು ಅಡುಗೆ ಕಟ್ಟೆಗೆ ಕಾಲು ಹಾಕುವ ಲ್ಯಾಬ್ರಡಾರ್ ನಾಯಿ

ಅಕ್ಕ, ನೀವು ಬರೆದಿದ್ದನ್ನು ಪೂರ್ತಿ ಓದಿದೆ. ಭಾನುವಾರ ಮಗಳ ಹುಟ್ಟುಹಬ್ಬ, ಇಪ್ಪತ್ತು ಜನ ಬರುತ್ತಾರೆ, ಬನಶಂಕರಿಯಲ್ಲಿ ಎರಡು ಬೆಡ್‌ರೂಮಿನ ಮನೆ, ಅಡುಗೆ ಎಲ್ಲಾ ನೀವೇ, ಜೊತೆಗೆ ಅಡುಗೆ ಕಟ್ಟೆ ಮೇಲೆ ಇಟ್ಟಿದ್ದನ್ನೆಲ್ಲ ಎಳೆದು ತಿನ್ನುವ ನಿಮ್ಮ ಲ್ಯಾಬ್ರಡಾರ್ ನಾಯಿ ರಾಜ. ಅತ್ತೆಯವರು ಅವನನ್ನು ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿಹಾಕು ಅನ್ನುತ್ತಾರೆ, ಮಗಳು ಬೇಡ ಅಂತ ಅಳುತ್ತಾಳೆ. ನಮ್ಮ ಮನೆಯಲ್ಲೂ ಇಂಥವನೇ ಒಬ್ಬ ಇದ್ದಾನೆ, ಬೀದಿಯಿಂದ ತಂದ ಗುಂಡ. ಕುಕ್ಕರ್ ಮುಚ್ಚಳ ತೆಗೆದ ಸದ್ದಿಗೆ ಎಲ್ಲಿದ್ದರೂ ಎದ್ದು ಬರುತ್ತಾನೆ. ನಾನು ಹೇಳುವುದು ಇಷ್ಟೇ: ಆ ಒಂದು ದಿನಕ್ಕೆ ನಾಯಿಯ ಸ್ವಭಾವ ಬದಲಾಗುವುದಿಲ್ಲ. ಅಡುಗೆ ಬದಲಾಯಿಸಬಹುದು. ಏನು ಮಾಡುತ್ತೀರಿ, ಯಾವಾಗ ಮಾಡುತ್ತೀರಿ, ಮಾಡಿದ್ದನ್ನು ಎಲ್ಲಿ ಆರಲು ಇಡುತ್ತೀರಿ, ಇದನ್ನು ಈಗಲೇ ಕೂತು ಯೋಚಿಸಿ.

ಬಾಲ್ಕನಿ ಬೇಡ. ಪ್ರತಿ ಸಲ ಬೆಲ್ ಆದಾಗಲೂ ಬೊಗಳುತ್ತಾನೆ, ಮಧ್ಯಾಹ್ನ ಬಿಸಿಲು ಬೇರೆ, ಪಕ್ಕದ ಮನೆಯವರು ಸುಮ್ನೆ ಇರಲ್ಲ.

ಮೊದಲು ಶ್ಯಾವಿಗೆ ಪಾಯಸದ ವಿಷಯ. ದಯವಿಟ್ಟು ಅದಕ್ಕೆ ದ್ರಾಕ್ಷಿ ಹಾಕಬೇಡಿ, ಕೇಸರಿಭಾತ್‌ಗೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸುತ್ತವೆ. ಒಂದು ನಾಯಿ ಒಂದು ಹಿಡಿ ತಿಂದು ಆರಾಮಾಗಿರುತ್ತದೆ, ಇನ್ನೊಂದಕ್ಕೆ ನಾಲ್ಕಾರು ತಿಂದರೂ ತೊಂದರೆ ಆಗಬಹುದು, ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ. ಮೊದಲ ದಿನ ಬರೀ ವಾಂತಿ ಇರುತ್ತದೆ, ಕಿಡ್ನಿ ಕೈಕೊಡುವುದು ಒಂದೆರಡು ದಿನ ಕಳೆದ ಮೇಲೆ. ಅದರ ಬದಲು ಹೆಸರುಬೇಳೆ ಪಾಯಸ ಮಾಡಿ, ಬೇಳೆ ಹುರಿದು, ಬೆಲ್ಲ, ತೆಂಗಿನ ಹಾಲು, ಏಲಕ್ಕಿ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ. ದ್ರಾಕ್ಷಿ ಇಲ್ಲ ಅಂತ ಯಾರೂ ಕೇಳುವುದಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಕೂಡ ಕೆಟ್ಟದ್ದೇ, ಬೇಯಿಸಿದರೂ ವಿಷ ಹೋಗುವುದಿಲ್ಲ, ರಕ್ತದ ಕೆಂಪು ಕಣ ಒಡೆಯುತ್ತದೆ. ಆದರೆ ಇದಕ್ಕೆ ಅಷ್ಟು ಗಾಬರಿ ಬೇಡ. ಕೆಜಿ ತೂಕಕ್ಕೆ ಸುಮಾರು 15 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ತೊಂದರೆ ಕಾಣಿಸಿಕೊಳ್ಳುತ್ತದೆ, ಹಾಗಾಗಿ ನೆಲಕ್ಕೆ ಬಿದ್ದ ಒಂದು ಚೂರಿಗೆ ಲ್ಯಾಬ್ರಡಾರ್‌ಗೆ ಏನೂ ಆಗುವುದಿಲ್ಲ. ಒಂದು ಪಾತ್ರೆ ಈರುಳ್ಳಿ ಗೊಜ್ಜು ಖಾಲಿ ಮಾಡಿದರೆ ಬೇರೆ ಮಾತು. ಆಗ ಕೆಲವು ದಿನ ಅವನ ವಸಡು ನೋಡುತ್ತಿರಿ, ಬಿಳಿಚಿಕೊಂಡರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ. ಹಬ್ಬದ ಅಂಬೊಡೆಗೆ ಹೇಗೂ ಈರುಳ್ಳಿ ಬೇಕಾಗಿಲ್ಲ ಅಲ್ವಾ, ಸಬ್ಬಸಿಗೆ ಸೊಪ್ಪು ಹಾಕಿ. ಆದರೆ ಕರಿದದ್ದು ಜಾಸ್ತಿ ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಹೊಟ್ಟೆನೋವಿಗೆ ನಾಯಿ ಬೆನ್ನು ಬಾಗಿಸಿ ನಿಲ್ಲುತ್ತದೆ, ನೋಡಲಾಗುವುದಿಲ್ಲ. ಅಂಬೊಡೆ ತಟ್ಟೆ ಫ್ರಿಜ್ ಮೇಲೆ.

ಹೋಳಿಗೆ ಮಾಡುತ್ತೀರಿ ಅಂದಿರಿ. 1 ಕಪ್ ಕಡಲೆಬೇಳೆಗೆ 1 ಕಪ್ ಬೆಲ್ಲ, ಹೆಚ್ಚು ಕಮ್ಮಿ 10-12 ಹೋಳಿಗೆ ಆಗುತ್ತದೆ, ನಿಮಗೆ 3 ಕಪ್ ಬೇಳೆ ಸಾಕು. ಹೂರಣ ಶನಿವಾರ ರಾತ್ರಿಯೇ ರುಬ್ಬಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಹೋಳಿಗೆ ದಿನ ನಾಯಿ ಬಾಯಿ ಹಾಕುವುದು ಸಾಮಾನ್ಯವಾಗಿ ಕಟ್ಟೆ ಮೇಲೆ ಆರಲು ಇಟ್ಟ ಹೂರಣಕ್ಕೇ. ಕಣಕ ಬೆಳಿಗ್ಗೆ ಕಲಸಿ ಎಣ್ಣೆ ಹಾಕಿ ಎರಡು ಗಂಟೆ ನೆನೆಯಲು ಬಿಡಿ. ಆ ಎರಡು ಗಂಟೆಯಲ್ಲಿ ಯಾರಾದರೂ ರಾಜನನ್ನು ಚೆನ್ನಾಗಿ ಸುತ್ತಾಡಿಸಿಕೊಂಡು ಬರಲಿ, ಸುಮ್ನೆ ಗೇಟಿನವರೆಗೆ ಹೋಗಿ ಬರುವುದಲ್ಲ, ಅಲ್ಲಲ್ಲಿ ನಿಂತು ಮೂಸಲು ಬಿಟ್ಟು ಒಂದು ಗಂಟೆ. ದಣಿದು ಬಂದ ನಾಯಿ ಹೋಳಿಗೆ ಬೇಯಿಸುವ ಹೊತ್ತಿಗೆ ಮಲಗಿರುತ್ತದೆ. ಅಷ್ಟು ಕೈಲಾಗಲ್ಲ ಅಂದರೆ ಗಾಂಧಿ ಬಜಾರ್ ಕಡೆ ಕಾಂಡಿಮೆಂಟ್ಸ್‌ನಲ್ಲಿ ಹೋಳಿಗೆ ತಂದುಬಿಡಿ, ಅದರಲ್ಲಿ ತಪ್ಪೇನಿಲ್ಲ.

ಕೇಕ್ ಅನಾನಸ್ ಅಥವಾ ವೆನಿಲಾ ಹೇಳಿ. 10 ಕೆಜಿ ನಾಯಿಗೆ 100 ಗ್ರಾಂ ಮಿಲ್ಕ್ ಚಾಕೊಲೇಟ್‌ಗೇ ತೊಂದರೆ ಶುರುವಾಗಬಹುದು, ಡಾರ್ಕ್ ಆದರೆ ಅದರ ಅರ್ಧವೂ ಬೇಡ. ಸಕ್ಕರೆ ಇಲ್ಲದ ಕೇಕ್ ತಂದರೆ ಅದರಲ್ಲಿ ಸಕ್ಕರೆ ಬದಲು ಹಾಕುವ ಝೈಲಿಟಾಲ್ ಇದೆಯಾ ಅಂತ ಕೇಳಿ. ಅದು ಚಾಕೊಲೇಟ್‌ಗಿಂತ ಅಪಾಯ, ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು. ಒಡೆದ ಬಲೂನ್ ಚೂರುಗಳನ್ನೂ ಆಗಾಗ ಎತ್ತಿ ಹಾಕುತ್ತಿರಿ.

ಊಟ ಮುಗಿದ ಮೇಲಿನ ಹೊತ್ತೇ ಎಲ್ಲಕ್ಕಿಂತ ಕಷ್ಟ, ಇದನ್ನು ಯಾರೂ ಯೋಚಿಸುವುದಿಲ್ಲ. ಎಂಜಲು ಎಲೆಯಲ್ಲಿ ತುಪ್ಪ, ಹುಳಿ, ಅಗಿದು ಬಿಟ್ಟ ನುಗ್ಗೆಕಾಯಿ ನಾರು, ಮಾವಿನ ವಾಟೆ, ಎಲ್ಲಾ ಸೇರಿರುತ್ತದೆ. ವಾಟೆ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ ಬೇಕಾಗಬಹುದು. ಹಸಿ ಕಸದ ಗಾಡಿ ಬರುವುದು ಮರುದಿನ ಬೆಳಿಗ್ಗೆ, ಅಲ್ಲಿಯವರೆಗೆ ಬಕೆಟ್ ಬಾತ್‌ರೂಮಿನೊಳಗೆ ಇಟ್ಟು ಚಿಲಕ ಹಾಕಿ.

ರಾಜನಿಗೆ ಒಂದು ಬೆಡ್‌ರೂಮ್ ಕೊಡಿ. ಫ್ಯಾನ್, ನೀರು, ಅವನ ಹಾಸಿಗೆ, ಜೊತೆಗೆ ರಬ್ಬರ್ ಆಟಿಕೆಯೊಳಗೆ ಉಪ್ಪು ಹಾಕದ ಮೊಸರನ್ನ ತುಂಬಿ ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟದ್ದು. ಅದನ್ನು ನೆಕ್ಕುತ್ತಾ ತುಂಬಾ ಹೊತ್ತು ಇರುತ್ತಾನೆ. ಇವತ್ತಿನಿಂದಲೇ ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿ, ಏಕಾಏಕಿ ಭಾನುವಾರ ಬಾಗಿಲು ಹಾಕಿದರೆ ಬಾಗಿಲು ಪರಚುತ್ತಾನೆ. ನಿಮ್ಮ ಮಗಳಿಗೆ ಒಂದು ಜವಾಬ್ದಾರಿ ಕೊಡಿ: ಬಂದ ಮಕ್ಕಳು ಯಾರೂ ಅವನಿಗೆ ಏನೂ ತಿನ್ನಿಸದ ಹಾಗೆ ಅವಳೇ ನೋಡಿಕೊಳ್ಳಲಿ. ಕೇಕ್ ಕತ್ತರಿಸುವಾಗ ಬೆಲ್ಟ್ ಹಾಕಿ ಅವನನ್ನೂ ಕರೆತನ್ನಿ, ಬೇಯಿಸಿದ ಕುಂಬಳಕಾಯಿ, ಒಂದು ಮೊಟ್ಟೆ, ಸ್ವಲ್ಪ ರಾಗಿ ಮುದ್ದೆ ಅವನ ತಟ್ಟೆಗೆ. ಅವಳ ಹುಟ್ಟುಹಬ್ಬದಲ್ಲಿ ಅವನೂ ಇರಬೇಕು.

ಇಷ್ಟೆಲ್ಲ ಮಾಡಿಯೂ ಏನಾದರೂ ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಏನು ತಿಂದ, ಎಷ್ಟು, ಎಷ್ಟು ಗಂಟೆಗೆ ಅಂತ ಬರೆದುಕೊಂಡು ಹೊರಡಿ. ವಾಂತಿ ಮಾಡಿಸಿ ಪ್ರಯೋಜನ ಆಗುವುದು ಸಾಮಾನ್ಯವಾಗಿ ಮೊದಲ ಎರಡು ಗಂಟೆ ಒಳಗೆ, ಅದೂ ಡಾಕ್ಟರ್ ಕೈಯಲ್ಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಎರಡೂ ನಿಮಗೆ ದೂರ, ಭಾನುವಾರ ಬೇರೆ. ಅದಕ್ಕೇ ನಿಮ್ಮ ಏರಿಯಾದಲ್ಲಿ ಆ ದಿನ ತೆರೆದಿರುವ ಕ್ಲಿನಿಕ್ ಯಾವುದು ಅಂತ ಶುಕ್ರವಾರವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ರಾಜನ ತೂಕ ಎಷ್ಟು, ಮೊದಲಿಂದ ಹೊಟ್ಟೆ ತೊಂದರೆ ಏನಾದರೂ ಇದೆಯಾ ಅಂತ ಬರೆಯಿರಿ, ಅವನ ತಟ್ಟೆಗೆ ಎಷ್ಟು ಹಾಕಬಹುದು ಅಂತ ಹೇಳುತ್ತೇನೆ. ಪುಟ್ಟಿಗೆ ನನ್ನ ಶುಭಾಶಯ ತಿಳಿಸಿ.