ಮಂಪರಿನಲ್ಲಿದ್ದರೂ ಟೊಮೆಟೊ ರೇಟು ಕೇಳಿಸುತ್ತದೆ

ಹೋದ ತಿಂಗಳು ತಲೆನೋವಿನ ಬಗ್ಗೆ ಬರೆಯುತ್ತಾ ಹಿಪ್ನೋಥೆರಪಿ ಅಂತ ಒಂದು ಪದ ಹಾಕಿದ್ದೆ. ಅಂದರೆ ಹಿಪ್ನಾಸಿಸ್ ಅನ್ನುವ ಮಂಪರಿಗೆ ಕರೆದೊಯ್ದು, ಸೂಚನೆ ಕೊಟ್ಟು ಮಾಡುವ ಚಿಕಿತ್ಸೆ. ಅದೊಂದೇ ಪದಕ್ಕೆ ಒಂದು ಕಟ್ಟು ಪತ್ರ ಬಂದಿದೆ. ಅರ್ಧ ಜನಕ್ಕೆ ಭಯ, ಇನ್ನರ್ಧಕ್ಕೆ ವಿಪರೀತ ಆಸೆ. ಶಿವಮೊಗ್ಗದಲ್ಲಿ 22 ವರ್ಷದಿಂದ ಮನೋವೈದ್ಯೆಯಾಗಿ ಕೂತಿದ್ದೇನೆ, ಈ ಎರಡೂ ನನಗೆ ಹೊಸದಲ್ಲ. ಐದು ಪತ್ರ ಆರಿಸಿಕೊಂಡಿದ್ದೇನೆ.

ಮೇಡಂ, ನನಗೆ 36 ವರ್ಷ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ಕೆಲಸ. ಮೂರು ವರ್ಷದಿಂದ ಹೊಟ್ಟೆ ಉಬ್ಬರ, ನುಲಿತ. ಬೆಳಿಗ್ಗೆ ಬಸ್ ಹತ್ತುವ ಮೊದಲು ನಾಲ್ಕು ಸಲ ಟಾಯ್ಲೆಟ್ಟಿಗೆ ಹೋಗಬೇಕು. ಮಾರ್ಚ್ ತಿಂಗಳಂತೂ ಕೇಳಬೇಡಿ. ರಕ್ತ, ಸ್ಕ್ಯಾನ್, ಕೊಲೊನೊಸ್ಕೋಪಿ ಎಲ್ಲ ನಾರ್ಮಲ್. ಐಬಿಎಸ್, ಕರುಳು ಸುಮ್ಮಸುಮ್ಮನೆ ಕೆರಳುವ ತೊಂದರೆ ಅಂದರು. ಒಂದು ವರ್ಷ ಮಾತ್ರೆ ತಗೊಂಡೆ, ಅರ್ಧಂಬರ್ಧ ವಾಸಿ. ಈಗ ಡಾಕ್ಟರು ಹಿಪ್ನೋಥೆರಪಿ ಮಾಡಿಸಿ ಅಂತಿದ್ದಾರೆ. ನಮ್ಮತ್ತೆ 'ವಶೀಕರಣಾನಾ?' ಅಂತ ಹೆದರಿಕೊಂಡಿದ್ದಾರೆ. – ಹೆಸರು ಬೇಡ, ಹಾಸನ

ನೋಡಿಮ್ಮ, 'ಎಲ್ಲ ನಾರ್ಮಲ್' ಅಂದ ದಿನ ನಿಮಗೆ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಬಂದಿರಬೇಕು. ಹಾಗಾದರೆ ನನ್ನ ನೋವು ಸುಳ್ಳಾ ಅಂತ. ಸುಳ್ಳಲ್ಲ. ಅನ್ನನಾಳದಿಂದ ಗುದದ್ವಾರದ ತನಕ ನಮ್ಮ ಜೀರ್ಣಾಂಗಗಳ ಗೋಡೆಯಲ್ಲಿ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆ. ಅವು ಮಿದುಳಿನ ಜೊತೆ ಇಡೀ ದಿನ ಮಾತಾಡುತ್ತಲೇ ಇರುತ್ತವೆ. ಐಬಿಎಸ್ ಇರುವ ಅನೇಕರಿಗೆ ಕರುಳಿನೊಳಗೆ ಸಣ್ಣ ಬಲೂನು ಊದಿ ಪರೀಕ್ಷೆ ಮಾಡಿ ನೋಡಿದ್ದಾರೆ. ಬೇರೆಯವರಿಗೆ ನೋವೇ ಆಗದಷ್ಟು ಗಾಳಿಗೆ ಇವರಿಗೆ ನೋವಾಗುತ್ತದೆ. ಅಂದರೆ ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ. ಪಕ್ಕದ ಬೀದಿಯ ಮದುವೆಗೆ ಹಾಕಿದ ಮೈಕ್ ಸೆಟ್ಟಿನ ಹಾಗೆ ಸದ್ದು ಮಾತ್ರ ಜೋರು. ಮಾರ್ಚ್ ಬಂತು ಅಂದರೆ ಯಾರೋ ಇನ್ನಷ್ಟು ಏರಿಸುತ್ತಾರೆ.

ಆ ಸದ್ದು ತಗ್ಗಿಸುವುದಕ್ಕೆ ಹಿಪ್ನೋಥೆರಪಿ. ಒತ್ತಡದ ಕಾಯಿಲೆಗಳಿಗೆ ಇದನ್ನು ಬಳಸುವುದರಲ್ಲಿ ಗಟ್ಟಿ ಆಧಾರ ಇರುವ ಜಾಗ ಯಾವುದು ಅಂತ ಕೇಳಿದರೆ ನಾನು ಮೊದಲು ಹೊಟ್ಟೆಯನ್ನೇ ಹೇಳುತ್ತೇನೆ. 1984ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೀಟರ್ ವೋರ್ವೆಲ್ ಅನ್ನುವ ವೈದ್ಯರು, ಯಾವ ಔಷಧಿಗೂ ಐಬಿಎಸ್ ಬಗ್ಗದ 30 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಪ್ನಾಸಿಸ್. ಇನ್ನೊಂದಕ್ಕೆ ಮಾತಿನ ಚಿಕಿತ್ಸೆ, ಜೊತೆಗೊಂದು ಔಷಧಿಯಿಲ್ಲದ ಹುಸಿಮಾತ್ರೆ. ಮೊದಲ ಗುಂಪಿನ ಸುಧಾರಣೆ ಎದ್ದು ಕಂಡಿತು. 30 ಜನ ಅಂದರೆ ಚಿಕ್ಕ ಲೆಕ್ಕ, ನಿಜ. ಆಮೇಲೆ ಬೇರೆಯವರೂ ಪರೀಕ್ಷೆ ಮಾಡುತ್ತಾ ಬಂದರು. 2008ರಲ್ಲಿ ಬ್ರಿಟನ್ನಿನ ಸರ್ಕಾರಿ ವೈದ್ಯಕೀಯ ಮಾರ್ಗಸೂಚಿಯಲ್ಲಿ, 12 ತಿಂಗಳು ಔಷಧಿ ಕೊಟ್ಟರೂ ಗುಣ ಕಾಣದ ಐಬಿಎಸ್‌ಗೆ ಪರಿಗಣಿಸಬೇಕಾದ ಚಿಕಿತ್ಸೆಗಳಲ್ಲಿ ಇದೂ ಸೇರಿತು. ನಿಮ್ಮ ಡಾಕ್ಟರು ಹೇಳಿದ್ದು ಮನಸ್ಸಿಗೆ ತೋಚಿದ್ದಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ, ಅತ್ತೆಗೂ ಓದಿ ಹೇಳಿ. ಮೊದಲ ಭೇಟಿ ಬರೀ ಮಾತು. ಎರಡನೇ ಸಲ ಒರಗುವ ಕುರ್ಚಿಯಲ್ಲಿ ಕೂರಿಸುತ್ತೇನೆ. ಲೋಲಕ ಗೀಲಕ ಏನೂ ಇಲ್ಲ. ನಮ್ಮ ಕೋಣೆಯ ಫ್ಯಾನಿನ ಮಧ್ಯದಲ್ಲೊಂದು ಹಿತ್ತಾಳೆ ಬಿಲ್ಲೆ ಇದೆ, ಅದನ್ನೇ ನೋಡಿ ಅನ್ನುತ್ತೇನೆ. ರೆಪ್ಪೆ ಭಾರ ಆಗುತ್ತದೆ, ಕಣ್ಣು ತಾನೇ ಮುಚ್ಚುತ್ತದೆ. ಪಾದದಿಂದ ತಲೆಯವರೆಗೆ ಒಂದೊಂದೇ ಅಂಗ ಸಡಿಲ. ಯೋಗನಿದ್ರೆ ಮಾಡಿದವರಿಗೆ ಇಲ್ಲಿಯ ತನಕ ಪರಿಚಿತ ದಾರಿಯೇ. ಆಮೇಲೆ ಕೈ ಹೊಟ್ಟೆಯ ಮೇಲೆ. ಅಂಗೈ ಬೆಚ್ಚಗಾಗುತ್ತಿದೆ, ಆ ಬಿಸುಪು ಒಳಗೆ ಇಳಿಯುತ್ತಿದೆ ಅಂತ ಸೂಚನೆ. ಕೊನೆಗೆ, ಶಾಂತವಾಗಿ ಹರಿಯುವ ಹೊಳೆ ನೆನೆಸಿಕೊಳ್ಳಿ, ಕರುಳೂ ಅದೇ ಲಯದಲ್ಲಿ ಸಾಗುತ್ತಿದೆ ಅನ್ನುವುದು. ಮ್ಯಾಂಚೆಸ್ಟರಿನವರು ಮಾಡಿದ ಕ್ರಮ ಇದು.

ಆದರೆ ಎಲ್ಲರಿಗೂ ಹೊಳೆ ಆಗಿಬರುವುದಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬರು ಹೊಳೆ ಅಂದ ಕೂಡಲೇ ಮುಖ ಬಿಗಿದರು. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಕಣ್ಣು ತೆರೆಸಿ ಕೇಳಿದೆ. ಚಿಕ್ಕಂದಿನಲ್ಲಿ ತಮ್ಮ ತುಂಗೆಯ ಸುಳಿಗೆ ಸಿಕ್ಕಿ ಬದುಕಿದ್ದನಂತೆ. ಎಂಥ ಎಡವಟ್ಟು ನನ್ನದು! ಮೊದಲೇ ಕೇಳಬೇಕಿತ್ತು. ನಿಮಗೆ ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಅಂದೆ. ನಾಚಿಕೊಂಡು, 'ಬತ್ತಿ ಹೊಸೆಯೋವಾಗ' ಅಂದರು. ಸರಿ, ಮುಂದಿನ ವಾರದಿಂದ ಹೊಳೆ ಬಿಟ್ಟು ಬತ್ತಿ. ಹತ್ತಿ ಬಿಡಿಸಿ, ಬೀಜ ತೆಗೆದು, ತೊಡೆಯ ಮೇಲಿಟ್ಟು ಅಂಗೈಯಲ್ಲಿ ಮೆಲ್ಲಗೆ ಉರುಳಿಸುವುದು. ಎಲ್ಲೂ ಗಂಟಾಗದೆ, ಎಲ್ಲೂ ತುಂಡಾಗದೆ ಎಳೆ ಸಾಗುತ್ತದಲ್ಲ, ಹಾಗೇ ಒಳಗೂ. ಮಂಪರಿನಲ್ಲಿ ಅವರ ಬಲಗೈ ಸೀರೆಯ ಮೇಲೆ ನಿಜವಾಗಿಯೂ ಹೊಸೆಯುತ್ತಿತ್ತು. ಎಂಟನೇ ವಾರಕ್ಕೆ ಅವರು ನೆಂಟರ ಮದುವೆಗೆ ಬಸ್ಸಿನಲ್ಲಿ ಉಡುಪಿಗೆ ಹೋಗಿ ಬಂದರು. ಉಬ್ಬರ ಪೂರ್ತಿ ಹೋಗಿಲ್ಲ, ಆಗುಂಬೆ ಘಾಟಿಯಲ್ಲಿ ಟಾಯ್ಲೆಟ್ ಎಲ್ಲಿ ಅನ್ನುವ ಗಾಬರಿ ಹೋಗಿದೆ.

ವಾರಕ್ಕೊಂದರಂತೆ ಏಳರಿಂದ ಹನ್ನೆರಡು ಭೇಟಿ ಸಾಕು. ಮನೆಯಲ್ಲಿ ದಿನವೂ ಅಭ್ಯಾಸ ಮಾಡಬೇಕು, ಅದನ್ನು ತಪ್ಪಿಸಿದರೆ ನನ್ನ ಹತ್ತಿರ ಬಂದೂ ಉಪಯೋಗವಿಲ್ಲ. ಎಲ್ಲರಿಗೂ ಹತ್ತುವುದೂ ಇಲ್ಲ. ಮೂರು ನಾಲ್ಕು ಭೇಟಿ ಆದರೂ ಏನೂ ಅನಿಸದಿದ್ದರೆ ಬೇರೆ ದಾರಿ ನೋಡೋಣ ಅಂತ ನಾನೇ ಹೇಳುತ್ತೇನೆ. ಇಷ್ಟು ಮಾತ್ರ ನೆನಪಿರಲಿ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇದಿ, ರಕ್ತಹೀನತೆ – ಇದರಲ್ಲಿ ಯಾವುದು ಕಂಡರೂ ಮೊದಲು ಹೊಟ್ಟೆಯ ಡಾಕ್ಟರ ಹತ್ತಿರ ಮತ್ತೆ ಹೋಗಿ. ಅತ್ತೆಯನ್ನು ಜೊತೆಗೆ ಕರೆದುಕೊಂಡೇ ಬನ್ನಿ. ಒಂದು ಕುರ್ಚಿ ಜಾಸ್ತಿ ಹಾಕಿಸಿದರಾಯಿತು.

ನಾನು ನಿವೃತ್ತ ಶಿಕ್ಷಕ. ಬಿ.ಪಿ. ಹಾಗೂ ಟೆನ್ಷನ್ನಿಗೆ ಮಗಳು ಹಿಪ್ನೋಥೆರಪಿ ಮಾಡಿಸ್ತೀನಿ ಅಂತಾಳ. ಮಂಪರಿನ್ಯಾಗ ಎಟಿಎಂ ಪಿನ್ನು, ಮನಿ ವಿಷಯ ಎಲ್ಲಾ ಬಾಯಿ ಬಿಟ್ಟರ ಹೆಂಗ್ರಿ? ಎಚ್ಚರನ ಆಗದಿದ್ರ? – ಧಾರವಾಡ

ಸರ್, ಪಿನ್ ಬಗ್ಗೆ ಚಿಂತೆ ಬಿಡಿ. ನಮ್ಮ ಕ್ಲಿನಿಕ್ ಇರುವ ರಸ್ತೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ತರಕಾರಿ ಆಟೊ ಮೈಕ್ ಹಾಕಿಕೊಂಡು ಬರುತ್ತದೆ. ಒಮ್ಮೆ ಒಬ್ಬರು ಆಳವಾದ ಮಂಪರಿನಲ್ಲಿದ್ದರು, ಉಸಿರು ನಿಧಾನ, ಮುಖ ಮಗುವಿನ ಹಾಗೆ. ಆಟೊ ಬಂತು, ಕೂಗಿತು, ಹೋಯಿತು. ನಾನು ಒಳಗೊಳಗೇ ಬೈದುಕೊಂಡೆ. ಕಣ್ಣು ತೆರೆದ ಮೇಲೆ ಅವರ ಮೊದಲ ಮಾತು: 'ಟೊಮೆಟೊ ಎರಡು ಕೇಜಿ ಐವತ್ತು ಅಂದ ಅಲ್ವಾ ಮೇಡಂ?' ಅಷ್ಟು ಎಚ್ಚರ ಇರುತ್ತದೆ. ಹೇಳಬಾರದ್ದನ್ನು ಹೇಳದೇ ಇರುವಷ್ಟು ಹಿಡಿತವೂ ಇರುತ್ತದೆ. ಮಧ್ಯದಲ್ಲಿ ನಾನು ಎದ್ದು ಹೋದರೆ? ಸ್ವಲ್ಪ ಹೊತ್ತು ಸುಮ್ನೆ ಕೂತಿರುತ್ತೀರಿ, ಆಮೇಲೆ ತಾನೇ ಕಣ್ಣು ತೆರೆದು ಇವರೆಲ್ಲಿ ಹೋದರು ಅಂತ ಹುಡುಕುತ್ತೀರಿ.

ಈ ಭಯಕ್ಕೆ ಅರ್ಧ ಕಾರಣ ಹೆಸರು. ಹಿಪ್ನೋಸ್ ಅಂದರೆ ಗ್ರೀಕರ ನಿದ್ರಾದೇವತೆ. ಜೇಮ್ಸ್ ಬ್ರೇಡ್ ಅನ್ನುವ ಸ್ಕಾಟ್ಲೆಂಡಿನ ಸರ್ಜನ್ 1843ರಲ್ಲಿ ಬರೆದ ಪುಸ್ತಕದಿಂದ ಆ ಪದ ಓಡಾಡತೊಡಗಿತು. ಆಮೇಲೆ ಅವರಿಗೇ ಇದು ನಿದ್ದೆಯಲ್ಲ ಅನಿಸಿ ಬೇರೆ ಹೆಸರು ಇಡಲು ಹೋದರು. ಅಷ್ಟು ಹೊತ್ತಿಗೆ ಹೆಸರು ಅಂಟಿಕೊಂಡಿತ್ತು.

ಉಳಿದರ್ಧಕ್ಕೆ ಕಾರಣ ಸ್ಟೇಜ್ ಷೋಗಳು, ಮಾಡುವವನ ಕೈಯಲ್ಲೇ ಏನೋ ಶಕ್ತಿ ಇದೆ ಅನಿಸುವ ಹಾಗೆ ತೋರಿಸುವುದು. ಪಣಜಿಯ ಒಂದು ಪ್ರತಿಮೆಯೂ ಹಾಗೇ. ನಿಮ್ಮ ಧಾರವಾಡದಿಂದ ಪಣಜಿ ದೂರವೇನಲ್ಲ, ನೀವು ನೋಡಿರಲೂಬಹುದು. ಅಲ್ಲಿ ಹಳೇ ಸೆಕ್ರೆಟೇರಿಯೆಟ್, ಅಂದರೆ ನಮ್ಮ ವಿಜಯಪುರದ ಆದಿಲ್‌ಶಾಹಿಗಳು ಕಟ್ಟಿದ ಅರಮನೆ. ಅದರ ಪಕ್ಕದಲ್ಲಿ 1945ರಲ್ಲಿ ನಿಲ್ಲಿಸಿದ ಒಂದು ಪ್ರತಿಮೆ ಇದೆ. ನಿಲುವಂಗಿಯ ಪಾದ್ರಿಯೊಬ್ಬರು ಎರಡೂ ಕೈ ಚಾಚಿ ನಿಂತಿದ್ದಾರೆ, ಎದುರಿಗೆ ಹೆಂಗಸೊಬ್ಬಳು ಹಿಂದಕ್ಕೆ ಬೀಳುತ್ತಿದ್ದಾಳೆ. ನನ್ನ ಮಗ ಆಗ ಚಿಕ್ಕವನು. 'ಅಮ್ಮಾ, ಅವರು ಯಾಕೆ ಆ ಆಂಟೀನ ತಳ್ತಿದ್ದಾರೆ?' ಅಂದ. ಆ ಪಾದ್ರಿ ಅಬೆ ಫಾರಿಯಾ. 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿ, 1813ರಲ್ಲಿ ಪ್ಯಾರಿಸ್ಸಿಗೆ ಹೋಗಿ ಹಿಪ್ನಾಸಿಸ್ ತೋರಿಸಿದವರು. ಆ ಕಾಲಕ್ಕೆ ಅಲ್ಲಿನವರು ಇದು ಮಾಡುವವನ ಮೈಯಿಂದ ಹರಿಯುವ ಕಾಂತಶಕ್ತಿ ಅಂತ ನಂಬಿದ್ದರು. ಫಾರಿಯಾ ಹೇಳಿದ್ದು ಉಲ್ಟಾ. ನನ್ನ ಕೈಯಲ್ಲಿ ಏನೂ ಇಲ್ಲ, ಇರುವುದೆಲ್ಲ ಎದುರು ಕೂತವರ ಮನಸ್ಸಿನಲ್ಲಿ ಅಂತ. ಪಾಪ, ಶಿಲ್ಪ ನೋಡಿದವರಿಗೆ ಅನಿಸುವುದು ಮಾತ್ರ ಎಲ್ಲ ಶಕ್ತಿಯೂ ಅವರ ಬೆರಳಿನಲ್ಲೇ ಇದ್ದ ಹಾಗೆ!

ನನ್ನದೇ ಒಂದು ಹೇಳುತ್ತೇನೆ. ನನಗೆ ರಾತ್ರಿ ಹಲ್ಲು ಕಡಿಯುವ ಚಟ. ತರಬೇತಿಯಲ್ಲಿ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದ್ದರು. ಎದ್ದ ಮೇಲೆ 'ನನಗೇನೂ ಆಗಲಿಲ್ಲ' ಅಂದೆ. ಎಷ್ಟು ಹೊತ್ತಾಗಿರಬಹುದು ಅಂದರು. ಹತ್ತು ನಿಮಿಷ ಅಂದೆ. ಗಡಿಯಾರ ನೋಡಿದರೆ 35 ನಿಮಿಷ ಆಗಿತ್ತು. ಈಗಲೂ ಮಲಗುವಾಗ ಡೆಂಟಿಸ್ಟ್ ಕೊಟ್ಟ ಗಾರ್ಡ್ ಹಾಕುತ್ತೇನೆ, ಆದರೆ ಬೆಳಿಗ್ಗೆ ದವಡೆ ನೋಯುವುದಿಲ್ಲ. ಹಿಪ್ನೋಥೆರಪಿಯಿಂದ ಇಷ್ಟರ ಮಟ್ಟಿನ ಉಪಕಾರ ನಿರೀಕ್ಷಿಸಿ. ಬಿ.ಪಿ. ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ.

ಅಕ್ಕಾ, ಎರಡು ವರ್ಷದಿಂದ ಕತ್ತು ನೋವು, ಆತಂಕ. ಒಂದು ಕೇಂದ್ರದಲ್ಲಿ ಪೂರ್ವಜನ್ಮದಲ್ಲಿ ನೇಣು ಹಾಕಿಕೊಂಡಿದ್ದೀರಿ, ಅದೇ ಕಾರಣ ಅಂದರು. ಪ್ಯಾಕೇಜಿಗೆ 40,000 ರೂಪಾಯಿ. ಅರ್ಧ ಕಟ್ಟಿದ್ದೇನೆ. – ಬೆಂಗಳೂರು

ಉಳಿದರ್ಧ ಕಟ್ಟಬೇಡಿ.

ಮಂಪರಿನಲ್ಲಿ ಕಲ್ಪನೆ ಚುರುಕಾಗುತ್ತದೆ, ಸೂಚನೆಗೆ ಮನಸ್ಸು ಬೇಗ ಒಲಿಯುತ್ತದೆ. ಚಿಕಿತ್ಸೆಗೆ ಅದೇ ಬಂಡವಾಳ, ಅಪಾಯವೂ ಅಲ್ಲೇ. 'ಕುತ್ತಿಗೆಗೆ ಏನಾಗುತ್ತಿದೆ ನೋಡಿ' ಅಂತ ಯಾರಾದರೂ ಕೇಳಿದರೆ ಹಗ್ಗ ಕಾಣಿಸಿಬಿಡುತ್ತದೆ. ಕಂಡವರಿಗೆ ಅದು ನೆನಪೇ ಅನಿಸುತ್ತದೆ, ಅವರು ಸುಳ್ಳು ಹೇಳುತ್ತಿರುವುದಿಲ್ಲ. ಹಿಪ್ನಾಸಿಸ್‌ನಿಂದ ಹೊರಬಂದ ಸಾಕ್ಷ್ಯವನ್ನು ಅಮೆರಿಕದ ಅನೇಕ ರಾಜ್ಯಗಳ ಕೋರ್ಟುಗಳು ಒಪ್ಪದೇ ಇರುವುದು ಈ ಕಾರಣಕ್ಕೇ. ಪುನರ್ಜನ್ಮ ಇದೆಯೋ ಇಲ್ಲವೋ, ಅದು ನಿಮ್ಮ ನಂಬಿಕೆ, ನಾನು ಕೈ ಹಾಕುವುದಿಲ್ಲ. ಕತ್ತಿನ ನೋವಿಗೆ ಮೂಳೆ ಡಾಕ್ಟರಿಗೆ ತೋರಿಸಿದಿರಾ? ದಿನಕ್ಕೆ ಎಷ್ಟು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರುತ್ತೀರಿ? ಪತ್ರದಲ್ಲಿ ಅದೊಂದು ಮಾತೂ ಇಲ್ಲ. ಆತಂಕಕ್ಕೆ ನಿಮ್ಮೂರಿನಲ್ಲೇ ನಿಮ್ಹಾನ್ಸ್ ಇದೆ. ಬೇರೆ ಓದುಗರೂ ಗುರುತು ಹಾಕಿಕೊಳ್ಳಿ: ಹಿಪ್ನಾಸಿಸ್ ಮಾಡುವವರು ಮೊದಲು ಮನೋವೈದ್ಯರೋ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟೋ ಆಗಿರಬೇಕು. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟ್ ಗೋಡೆಗೆ ಹಾಕಿದರೆ ಸಾಲದು. ಇಲ್ಲದ ದನಿ ಕೇಳಿಸುವವರಿಗೆ, ಸ್ಕಿಜೋಫ್ರೇನಿಯಾ ಇರುವವರಿಗೆ ಇದು ಬೇಡ.

ಮಗ ಸೆಕೆಂಡ್ ಪಿಯು ಸೈನ್ಸ್. ಮೊಬೈಲ್ ಬಿಟ್ಟು ಓದುವ ಹಾಗೆ ಹಿಪ್ನಾಟೈಸ್ ಮಾಡಲು ಆಗುತ್ತದಾ? – ತುಮಕೂರು

ಆಗಲ್ಲ. ಮಗನಿಗೆ ಬೇಕು ಅನಿಸದೆ ಏನೂ ನಡೆಯದು. ಪರೀಕ್ಷೆ ಹಾಲ್‌ನಲ್ಲಿ ಕೈ ನಡುಗುತ್ತದೆ, ಓದಿದ್ದೆಲ್ಲ ಮರೆತುಹೋಗುತ್ತದೆ ಅಂತ ಅವನೇ ಹೇಳಿದರೆ ಕರೆದುಕೊಂಡು ಬನ್ನಿ. ಮೊಬೈಲ್ ವಿಷಯ ಮೊದಲು ಊಟದ ಹೊತ್ತಿನಲ್ಲಿ ನಿಮ್ಮದನ್ನು ಕೆಳಗಿಡುವುದರಿಂದ ಶುರು ಮಾಡಿ ನೋಡಿ ಸಾರ್.

ನಾನು ಬಸ್ ಡ್ರೈವರ್, 44 ವರ್ಷ. ನೈಟ್ ಡ್ಯೂಟಿ ಮುಗಿಸಿ ಬಂದರೆ ಹಗಲು ನಿದ್ದೆ ಬರಲ್ಲ. ಕಣ್ಣು ಮುಚ್ಚಿದರೂ ರೋಡೇ ಓಡುತ್ತಿರುತ್ತದೆ. ಕಂಡಕ್ಟರ್ ಫೋನಿನಲ್ಲಿ ಹಿಪ್ನಾಸಿಸ್ ಆಡಿಯೊ ಕಳಿಸಿದ್ದಾನೆ. ಕೇಳಬಹುದಾ ಮೇಡಂ? – ಚಿತ್ರದುರ್ಗ

ಕೇಳಬಹುದು ಅಣ್ಣಾ, ಆದರೆ ಮೊದಲು ಒಂದು ಪ್ರಶ್ನೆ. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ಕಟ್ಟುತ್ತದಾ? ಮನೆಯವರನ್ನು ಕೇಳಿ. ಹೌದು ಅಂದರೆ ಆಡಿಯೊದಿಂದ ಆಗುವ ಕೆಲಸ ಅಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ನಿಮ್ಮ ಹಿಂದೆ ಐವತ್ತು ಜನ ಕೂತಿರುತ್ತಾರೆ.

ಗೊರಕೆ ಇಲ್ಲ ಅಂದರೆ ಇದನ್ನು ಮಾಡಿ. ಜರ್ಮನಿಯ ಯೋಹಾನೆಸ್ ಶುಲ್ಟ್ಸ್ ಅನ್ನುವ ವೈದ್ಯರು 1932ರಲ್ಲಿ ಪ್ರಕಟಿಸಿದ ಕ್ರಮ, ಹಿಪ್ನಾಸಿಸ್‌ನಿಂದಲೇ ಹುಟ್ಟಿದ್ದು. ಆಡಿಯೊ ಬೇಡ, ಕರೆನ್ಸಿ ಬೇಡ. ಡ್ಯೂಟಿ ಮುಗಿದ ಮೇಲಿನ ಕೊನೇ ಟೀ ಬಿಡಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ ಕತ್ತಲೆ ಮಾಡಿ. ಅಂಗಾತ ಮಲಗಿ. ಬಲಗೈ ಭಾರ ಆಗಿದೆ ಅಂತ ಮನಸ್ಸಿನಲ್ಲೇ ನಿಧಾನಕ್ಕೆ ಆರು ಸಲ. ಆಮೇಲೆ ಎಡಗೈ, ಕಾಲು. ಮತ್ತೆ ಬಲಗೈಯಿಂದ: ಬೆಚ್ಚಗಾಗಿದೆ, ಬೆಚ್ಚಗಾಗಿದೆ. ಗೇರ್ ಹಿಡಿದೂ ಹಿಡಿದೂ ಮರಗಟ್ಟಿದ ನಿಮ್ಮ ಎಡಗೈಗೆ ಸ್ವಲ್ಪ ಹೊತ್ತು ಜಾಸ್ತಿ ಕೊಡಿ. ರೋಡು ಬಂದರೆ ಓಡಿಸಬೇಡಿ, ಬರಲಿ. ನೀವು ಈಗ ಡ್ರೈವರ್ ಸೀಟಿನಲ್ಲಿಲ್ಲ, ಹಿಂದಿನ ಕಿಟಕಿ ಪಕ್ಕ ಕೂತ ಪ್ಯಾಸೆಂಜರ್. ಯಾರೋ ಓಡಿಸುತ್ತಿದ್ದಾರೆ. ಮೊದಲ ವಾರ ಏನೂ ಅನಿಸದೇ ಇರಬಹುದು, ಎರಡು ವಾರ ಬಿಡದೆ ಮಾಡಿ. ಆಗಲೂ ನಿದ್ದೆ ಬರದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಥವಾ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಈ ಆಡಿಯೊವನ್ನಾಗಲಿ, ಅಭ್ಯಾಸವನ್ನಾಗಲಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಗಾಡಿ ನಿಂತಾಗ, ಊಟಕ್ಕೆ ಡಾಬಾದಲ್ಲಿ ನಿಲ್ಲಿಸಿದಾಗ ಮಾಡಬೇಡಿ. ಡಿಪೋದಲ್ಲಿ ಬಸ್ಸು ಬಿಟ್ಟು, ಮನೆಗೆ ಬಂದು, ಮುಖ ತೊಳೆದು ಮಲಗಿದ ಮೇಲೆ ಮಾತ್ರ. ಕಂಡಕ್ಟರಿಗೂ ಹೇಳಿ.