ಮಗನ ಚಂಚಲತೆಯ ಪ್ರಶ್ನಾವಳಿಯನ್ನು ನಾವು ತುಂಬಿದ್ದೇವೆ. ಶಾಲೆಯ ಶಿಕ್ಷಕಿಯೂ ತುಂಬಬೇಕೆಂದು ಹಾಸನದ ವೈದ್ಯರು ಹೇಳುವುದೇಕೆ?

ಒಂದು ಕಡೆಯ ನೋಟದಿಂದ ಇದನ್ನು ನಿರ್ಧರಿಸಲು ಬರುವುದಿಲ್ಲ, ಅದಕ್ಕೆ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದೆ ಎನ್ನಬೇಕಾದರೆ ಅದರ ಹಲವು ಲಕ್ಷಣಗಳು ಕನಿಷ್ಠ 6 ತಿಂಗಳಿಂದ, ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತಿರಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು.

ಕಾರಣ ಇಷ್ಟೇ: ತನ್ನನ್ನು ತಾನು ತಡೆದುಕೊಳ್ಳುವ, ಬೇಸರದ ಕೆಲಸದಲ್ಲೂ ಮನಸ್ಸನ್ನು ನಿಲ್ಲಿಸುವ ಮಿದುಳಿನ ಶಕ್ತಿಯೇ ಇಲ್ಲಿ ಸೊರಗಿರುತ್ತದೆ. ಆ ತೊಂದರೆ ಮಗುವಿನ ಜೊತೆಗೇ ಎಲ್ಲೆಡೆ ಹೋಗುತ್ತದೆ. ಶಾಲೆಯಲ್ಲಿ ಮಾತ್ರ ಕಂಡರೆ ಬೇರೆ ಕಾರಣವನ್ನೂ ಹುಡುಕಬೇಕು. ಆಲೂರಿನ ಕಡೆಯ ಹಳ್ಳಿಯಿಂದ ನಸುಕಿನಲ್ಲೇ ಎದ್ದು ಬಸ್ ಹಿಡಿದು ಬರುವ ಮಗು, ಅರ್ಥವಾಗದ ಇಂಗ್ಲಿಷ್ ಪಾಠದ ನಡುವೆ ಪೆನ್ಸಿಲ್ ಕಚ್ಚುತ್ತಾ ಕಿಟಕಿಯಾಚೆ ನೋಡಿದರೆ, ಅದು ನಿದ್ದೆಗೇಡಿನಿಂದಲೂ ಇರಬಹುದು, ಭಾಷೆಯಿಂದಲೂ ಇರಬಹುದು. ಕಿವಿ, ಕಣ್ಣಿನ ತಪಾಸಣೆಯನ್ನಂತೂ ಬಿಡಬೇಡಿ.

ಮೊಬೈಲ್ ಕೊಟ್ಟರೆ ಗಂಟೆಗಟ್ಟಲೆ ಕೂರುತ್ತಾನಲ್ಲ ಎಂದು ಸಮಾಧಾನಪಡಬೇಡಿ. ಕ್ಷಣಕ್ಕೊಂದು ಹೊಸ ಚಿತ್ರ ಸೆಳೆಯುವಾಗ ಗಮನಕ್ಕೆ ಶ್ರಮವೇ ಬೇಕಿಲ್ಲ.

ತಂದೆ, ತಾಯಿ ಬೇರೆಬೇರೆಯಾಗಿ ಕುಳಿತು, ಅದೇ ವಯಸ್ಸಿನ ಮಕ್ಕಳಿಗೆ ಹೋಲಿಸಿ ಉತ್ತರಿಸುವುದು ಒಳ್ಳೆಯದು. ಶಿಕ್ಷಕಿಯ ಉತ್ತರ ನಿಮ್ಮದಕ್ಕಿಂತ ಭಿನ್ನವಾಗಿದ್ದರೆ ತಿದ್ದಿಸಬೇಡಿ. ವೈದ್ಯರಿಗೆ ಆ ವ್ಯತ್ಯಾಸವೇ ಬಹಳ ಮುಖ್ಯ. ಪ್ರಶ್ನಾವಳಿಯ ಅಂಕವೊಂದರಿಂದಲೇ ರೋಗನಿರ್ಣಯ ಆಗುವುದಿಲ್ಲ. ತುಂಬಿದ ಎಲ್ಲ ಪ್ರತಿಗಳನ್ನು, ಜೊತೆಗೆ ಮಗನ ನೋಟ್‌ಪುಸ್ತಕಗಳನ್ನು, ಮಕ್ಕಳ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ.