14ಕ್ಕೆ ಆಯ್ಕೆ ಆಗದಿದ್ದರೆ ತಡ ಆಯಿತು ಅಂತಲಾ?

"ನನ್ನ ಮಗಳಿಗೆ 14 ವರ್ಷ, ಹಾಕಿಯಲ್ಲಿ ಫಾರ್ವರ್ಡ್. ಈ ಸಲ ರಾಜ್ಯ ತಂಡದ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ರಾಣಿ ರಾಂಪಾಲ್ ಇದೇ ವಯಸ್ಸಿಗೆ ಭಾರತಕ್ಕೇ ಆಡಿದ್ದರಂತೆ. ನಮ್ಮ ಹುಡುಗಿಗೆ ತಡ ಆಯಿತಾ?" ಅಂತ ಕೇಳಿದ್ದೀರಿ.

ಖಂಡಿತ ಇಲ್ಲ. ನಾನೂ ಹತ್ತು ವರ್ಷ ಫಾರ್ವರ್ಡ್ ಆಗಿ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವಳಾಗಿ ಆಡಿದವಳು. ಈಗ ಸಂಜೆ ಹೊತ್ತು ಮಕ್ಕಳಿಗೆ ಕಲಿಸುತ್ತೇನೆ. ರಾಣಿಯವರ ಹೆಸರು ಹೇಳಿ ಗಾಬರಿಯಾಗುವ ಅಪ್ಪ ಅಮ್ಮಂದಿರು ಆಗಾಗ ಸಿಗುತ್ತಾರೆ. ಅವರಿಗೆಲ್ಲ ಆ ವಯಸ್ಸೊಂದೇ ನೆನಪಿರುತ್ತದೆ. ಆಮೇಲೆ ಏನೇನಾಯಿತು ಅನ್ನುವುದನ್ನು ಯಾರೂ ಕೇಳುವುದಿಲ್ಲ.

ರಾಣಿ ಹುಟ್ಟಿದ್ದು 1994ರ ಡಿಸೆಂಬರ್‌ನಲ್ಲಿ, ಹರಿಯಾಣದ ಶಾಹಾಬಾದ್‌ನಲ್ಲಿ. ಅಪ್ಪ ಗಾಡಿ ಹೊಡೆದು ಮನೆ ನಡೆಸುತ್ತಿದ್ದರು. ತರಬೇತಿಗೆ ಬರುವ ಮಕ್ಕಳು ಹಾಲು ತರಬೇಕಿತ್ತು, ಅಷ್ಟು ಹಾಲಿಗೆ ಮನೆಯಲ್ಲಿ ದುಡ್ಡಿಲ್ಲದೆ ನೀರು ಬೆರೆಸಿಕೊಂಡು ಹೋಗುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕೋಚ್ ಬಲದೇವ್ ಸಿಂಗ್ ಮೊದಲು ಈ ಸಣಕಲು ಹುಡುಗಿಯನ್ನು ಸೇರಿಸಿಕೊಳ್ಳಲಿಲ್ಲ. ಈ ಕಥೆ ತುಂಬ ಜನರಿಗೆ ಗೊತ್ತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಆ ಊರು. ಭಾರತಕ್ಕೆ ಹಾಕಿ ಆಡಿದ ಸಂದೀಪ್ ಸಿಂಗ್, ನವನೀತ್ ಕೌರ್ ಕೂಡ ಅಲ್ಲಿಯವರೇ. ಚೆನ್ನಾಗಿ ಆಡುವವರು ಸುತ್ತ ಇದ್ದರೆ ಕೈ ಬೇಗ ಪಳಗುತ್ತದೆ. ಬೇರೆ ಊರಿನಲ್ಲಿ ಹುಟ್ಟಿದ್ದರೆ ರಾಣಿಗೂ ಇನ್ನಷ್ಟು ವರ್ಷ ಬೇಕಾಗುತ್ತಿತ್ತೇನೋ.

ಭಾರತದ ಅಂಗಿ ತೊಟ್ಟಿದ್ದು 2008ರಲ್ಲಿ, ರಷ್ಯಾದ ಕಜಾನ್‌ನ ಒಲಿಂಪಿಕ್ ಅರ್ಹತಾ ಟೂರ್ನಿಯಲ್ಲಿ. ನಮ್ಮ ತಂಡಕ್ಕೆ ಬೀಜಿಂಗ್ ಟಿಕೆಟ್ ಸಿಗಲಿಲ್ಲ. 2010ರಲ್ಲಿ ಅರ್ಜೆಂಟಿನಾದ ರೊಸಾರಿಯೊದಲ್ಲಿ ವಿಶ್ವಕಪ್. ರಾಣಿಗೆ ಆಗ 15. ಏಳು ಗೋಲು ಹೊಡೆದರು, ಟೂರ್ನಿಯ ಅತ್ಯುತ್ತಮ ಯುವ ಆಟಗಾರ್ತಿ ಅನ್ನಿಸಿಕೊಂಡರು. ತಂಡಕ್ಕೆ ಬಂದಿದ್ದು ಒಂಬತ್ತನೇ ಸ್ಥಾನ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಜಾಸ್ತಿ ಸೋಲುವ ತಂಡದಲ್ಲಿ ಫಾರ್ವರ್ಡ್ ಹತ್ತಿರ ಚೆಂಡು ಬರುವುದೇ ಅಪರೂಪ. ಚೆಂಡಿಲ್ಲದೆ ನಿಮಿಷಗಟ್ಟಲೆ ಓಡುತ್ತಿರಬೇಕು. ಒಂದು ಸಲ ಹಿಂದಕ್ಕೆ ಬಂದು ಕೇಳಬೇಕು, ಇನ್ನೊಂದು ಸಲ ಡಿಫೆಂಡರನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಬೇಕು. ಕೊನೆಗೆ ಸಿಗುವ ಒಂದೇ ಚೆಂಡನ್ನು ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹಿಡಿದು, ಎದುರಿನವಳ ಸ್ಟಿಕ್ ಅಡ್ಡ ಬರುವ ಮೊದಲೇ ಹೊಡೆಯಬೇಕು. ಹಾಗೆ ಏಳು ಗೋಲು! ನನಗೆ ಈಗಲೂ ಮೈ ಜುಂ ಅನ್ನುತ್ತದೆ.

2012ರಲ್ಲಿ ದೆಹಲಿಯಲ್ಲೇ ಅರ್ಹತಾ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಸೋತು ಲಂಡನ್ ಕೂಡ ಕೈತಪ್ಪಿತು. 2013ರಲ್ಲಿ ಜರ್ಮನಿಯಲ್ಲಿ ಜೂನಿಯರ್ ವಿಶ್ವಕಪ್. ಸೀನಿಯರ್ ತಂಡದಲ್ಲಿ ಐದು ವರ್ಷ ಕಳೆದಿದ್ದ ರಾಣಿ ಅಲ್ಲಿಯೂ ಆಡಿದರು. ಕಂಚಿನ ಪಂದ್ಯದಲ್ಲಿ ಇಂಗ್ಲೆಂಡನ್ನು ಶೂಟೌಟ್‌ನಲ್ಲಿ ಸೋಲಿಸಿದರು. ಆ ಟೂರ್ನಿಯಲ್ಲಿ ನಮ್ಮ ಹುಡುಗಿಯರಿಗೆ ಅದೇ ಮೊದಲ ಪದಕ. ಒಲಿಂಪಿಕ್ಸ್ ಮೈದಾನಕ್ಕೆ ಇಳಿದಿದ್ದು 2016ರಲ್ಲಿ, ರಿಯೊದಲ್ಲಿ. ಅಂದರೆ ಮೊದಲ ಪಂದ್ಯ ಆಡಿ ಎಂಟು ವರ್ಷದ ಮೇಲೆ! ಅಲ್ಲಿಯೂ ಒಂದು ಗೆಲುವು ಸಿಗಲಿಲ್ಲ.

ನಾನು 16ರಲ್ಲಿ ಒಂದು ಆಯ್ಕೆಯಲ್ಲಿ ಬಿಟ್ಟುಹೋದಾಗ ಆರು ತಿಂಗಳು ಸ್ಟಿಕ್ ಮುಟ್ಟಲಿಲ್ಲ. ಆ ಆರು ತಿಂಗಳು ನನಗೆ ಮತ್ತೆ ಸಿಗಲಿಲ್ಲ. ನಿಮ್ಮ ಮಗಳು ಹಾಗೆ ಮಾಡದಿರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೋಲ್‌ಕೀಪರ್ ಸವಿತಾ ಪೂನಿಯಾ ಅವರನ್ನೂ ನೋಡಿ. 1990ರಲ್ಲಿ ಹುಟ್ಟಿದವರು, ಸೀನಿಯರ್ ತಂಡಕ್ಕೆ ಮೊದಲು ಆಡಿದ್ದು 2011ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಸೋಲಿಸಿದ ದಿನ ನಾಯಕಿ ರಾಣಿ, ಗೋಲಿನ ಮುಂದೆ ಸವಿತಾ. ಒಬ್ಬರು 14ರ ಹೊತ್ತಿಗೆ ಶುರು ಮಾಡಿದವರು, ಇನ್ನೊಬ್ಬರು 20 ದಾಟುವ ಹೊತ್ತಿಗೆ.

ಈ ವಾರ ಒಂದು ಸಂಜೆ ಮೈದಾನದ ಪಕ್ಕ ಕೂತು ಮಗಳನ್ನೇ ನೋಡಿ. ಚೆಂಡು ಹತ್ತಿರ ಇದ್ದಾಗ ಅಲ್ಲ, ಇಲ್ಲದಿದ್ದಾಗ. ನಿಂತುಬಿಡುತ್ತಾಳಾ, ಜಾಗ ಹುಡುಕುತ್ತಾಳಾ? ಅವಳ ಕೋಚ್‌ಗೂ ಅದನ್ನೇ ಕೇಳಿ. ತನಗಿಂತ ಎರಡು ಮೂರು ವರ್ಷ ದೊಡ್ಡ ಹುಡುಗಿಯರ ಜೊತೆ ಆಡಲು ಬಿಡುತ್ತಾರಾ ಅಂತಲೂ ವಿಚಾರಿಸಿ. ಏನು ಕಂಡಿತು ಅಂತ ಬರೆಯಿರಿ, ಮುಂದಿನ ಅಭ್ಯಾಸದ ಬಗ್ಗೆ ಹೇಳುತ್ತೇನೆ.